ಹೊಟೇಲಿನಿಂದ ಹೊಲಕ್ಕೆ

ಕೈತುಂಬ ಸಂಬಳದ ನೌಕರಿಯನ್ನು ತೊರೆದು ಸಾವಯವ ಬೇಸಾಯವನ್ನು ಕಲಿಯಹೊರಡುವ ತರುಣರನ್ನು ಕಂಡು ನಾವು ನಗುವುದುಂಟು. ಒಳಗೊಳಗೇ ಕರುಬುವುದೂ ಉಂಟು. ಅಂಥವರು ಅನೇಕರು ದೊಡ್ಡಬಳ್ಳಾಪುರದ ಬಳಿಯಿದ್ದ ಎಲ್. ನಾರಾಯಣ ರೆಡ್ಡಿಯವರ ತೋಟವನ್ನು ಹುಡುಕಿಕೊಂಡು ಹೋಗುತ್ತಿದ್ದರು. 2019ರ ಜನವರಿಯಲ್ಲಿ ಕಾಲವಾದ ಆ ರೈತರು ನಮಗೆ ಪರಕೀಯರಲ್ಲ. ಎಳೆಯ ವಯಸ್ಸಿನಲ್ಲಿ ಮನೆ ಬಿಟ್ಟು ಬೆಂಗಳೂರಿಗೆ ಬಂದು ಹೊಟೇಲಿನಲ್ಲಿ ತಟ್ಟೆ ಲೋಟ ತೊಳೆದವರು; ಬಳಿಕ ಸಾರಿಗೆ ಕಂಪನಿಯೊಂದರಲ್ಲಿ ದುಡಿದು ಮೇಲೇರಿದವರು. ನಮ್ಮವರೇ ಅಲ್ಲವೆ?

ಮಣ್ಣಿಗೆ ಮರಳಿದಾಗ ಅವರು ಮೊದಲು ಹಿಡಿದದ್ದು ರಾಸಾಯನಿಕ ಗೊಬ್ಬರದ ಹಾದಿಯನ್ನೇ. ಬೆಳೆ ಬಂದಿತು; ಲೆಕ್ಕ ನೋಡಿದರೆ ನಷ್ಟ. ಜಪಾನಿನ ಫುಕುವೋಕಾ ಬರೆದ ಪುಸ್ತಕ ಅವರ ದಾರಿಯನ್ನು ತಿರುಗಿಸಿತು. (ಆತನೂ ಯೊಕೊಹಾಮಾ ಸುಂಕದ ಕಚೇರಿಯ ಸಸ್ಯಪರೀಕ್ಷೆಯ ಕೆಲಸವನ್ನು ಬಿಟ್ಟು ಬಂದವನೇ!) ಉದುರಿದ ಎಲೆಯನ್ನು ಸುಡದೆ ನೆಲಕ್ಕೆ ಹೊದಿಸುವುದು, ಅದರಡಿ ತೇವ ನಿಂತು ಎರೆಹುಳು ಹೆಚ್ಚುವುದು—ಈ ಬೇಸಾಯದ ಮೊದಲ ಪಾಠ ಇಷ್ಟೇ.

ಪಾಠ ಸುಲಭ, ಕಾಯುವುದು ಕಷ್ಟ. ರಾಸಾಯನಿಕ ಉಂಡ ನೆಲಕ್ಕೆ ಸಾವಯವವೆಂಬ ಪ್ರಮಾಣಪತ್ರ ದೊರೆಯಬೇಕಾದರೆ ವಾರ್ಷಿಕ ಬೆಳೆಗೆ 2 ವರ್ಷ, ತೋಟದ ಬೆಳೆಗೆ 3 ವರ್ಷ ಸಾಮಾನ್ಯವಾಗಿ ಕಳೆಯಬೇಕು. ಊರಲ್ಲಿ ಎರಡೆಕರೆಯಿಟ್ಟುಕೊಂಡು ಇಲ್ಲಿ ಗಲ್ಲೆಯ ಮುಂದೆ ಕುಳಿತ ನಮ್ಮ ಸೋದರರು, ಅಲ್ಲಿಯವರೆಗೆ ಒಲೆ ಯಾವ ಹಣದಿಂದ ಉರಿಯಬೇಕೆಂಬುದನ್ನು ರಾಜೀನಾಮೆ ಬರೆಯುವ ಮೊದಲೇ ಮನೆಯವರೊಡನೆ ಕುಳಿತು ಲೆಕ್ಕ ಹಾಕಬೇಕು.