ಮುತ್ಯಾ-ಆಯಿ ನೆನಪಿಗೆ ಒಂದು ಗುಂಟೆ ಕಾಯಿಪಲ್ಯೆ ತೋಟ



ಮನೆಯ ಹಿರಿಯರು ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಅನ್ನಸಂತರ್ಪಣೆ ಮಾಡುವುದು, ಕಟ್ಟೆ ಕಟ್ಟಿಸುವುದು ನಮ್ಮಲ್ಲಿ ರೂಢಿ. ಹಿರಿಯರ ಪೂಜೆಯ ದಿನ ಅವರಿಗೆ ಇಷ್ಟವಾದ ಪಲ್ಯವನ್ನು ಎಡೆ ಇಡುತ್ತೇವೆ. ಆದರೆ ಆ ಪಲ್ಯದ ಬೀಜ ಮನೆಯಲ್ಲಿ ಉಳಿದಿದೆಯೇ ಎಂದು ನೋಡುವವರು ಕಡಿಮೆ. ವಿಜಯಪುರ, ತಿಕೋಟಾ, ಬಬಲೇಶ್ವರ ಭಾಗದ ಹಳೆಯ ಮನೆಗಳಲ್ಲಿ ಆಯಿ ಕಟ್ಟಿಟ್ಟ ಬೀಜದ ಗಂಟು ಇನ್ನೂ ಎಲ್ಲಾದರೂ ಇರಬಹುದು. ಮೊದಲು ಅದನ್ನು ಹುಡುಕಿರಿ.

ಬೀಜವನ್ನು ಒಮ್ಮೆಗೇ ಬಿತ್ತಬೇಡಿ

ನನ್ನ ಆಯಿ ಬೂದಿಯಲ್ಲಿ ಕೂಡಿಟ್ಟಿದ್ದ ಜವಾರಿ ಬದನೆ ಬೀಜವನ್ನು, ಆಕೆ ತೀರಿಕೊಂಡು ಎಂಟು ವರ್ಷಗಳಾದ ಮೇಲೆ, ಮೇ ತಿಂಗಳ ಬಿಸಿಲಿನಲ್ಲಿ ಒಂದೇ ಮಡಿಗೆ ಚೆಲ್ಲಿದೆ. ಒಂದೂ ಏಳಲಿಲ್ಲ. ಬೀಜ ಸತ್ತಿತ್ತೋ, ಬಿಸಿಲಿಗೆ ಸುಟ್ಟಿತೋ ಎಂದು ನೋಡಲು ಮರಳಿ ಒಂದು ಕಾಳೂ ಉಳಿದಿರಲಿಲ್ಲ. ರೈತರಿಗೆ ಮೊಳಕೆ ಪರೀಕ್ಷೆ ಹೇಳಿಕೊಡುವ ನಾನೇ ಅದನ್ನು ಮಾಡಿರಲಿಲ್ಲ. ಈ ತಪ್ಪು ನಿಮ್ಮಿಂದ ಆಗಬಾರದು.

ಗಂಟಿನಿಂದ 10 ಬೀಜ ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಿನಲ್ಲಿಡಿ. ಬಟ್ಟೆ ಆರದಂತೆ ನೀರು ಚಿಮುಕಿಸಿರಿ. ಮೆಂತ್ಯೆ ನಾಲ್ಕೈದು ದಿನಗಳಲ್ಲಿ ಮೊಳೆಯುತ್ತದೆ. ಬದನೆಗೆ 14 ದಿನ ಕಾಯಬೇಕು. ಮೊಳೆತ ಬೀಜವನ್ನು ಎಸೆಯದೆ ಮಣ್ಣು-ಗೊಬ್ಬರ ತುಂಬಿದ ಸಣ್ಣ ಕುಂಡದಲ್ಲಿ ಊರಿರಿ. ಹತ್ತರಲ್ಲಿ ಎರಡೇ ಮೊಳೆತರೂ ತಳಿ ಬದುಕಿದೆ ಎಂದೇ ತಿಳಿಯಿರಿ. ಆಗ ಅರ್ಧ ಬೀಜವನ್ನು ಮಾತ್ರ ಬಿತ್ತಿ, ಉಳಿದ ಅರ್ಧವನ್ನು ಕಾದಿಡಿ. ಈರುಳ್ಳಿ ಬೀಜ ಸಾಧಾರಣ ಸಂಗ್ರಹಣೆಯಲ್ಲಿ ಒಂದು ವರ್ಷದಾಚೆ ನೆಚ್ಚಿಕೆಯದಲ್ಲ.

ಸ್ಥಳ ಮತ್ತು ನೀರು

ತಿಕೋಟಾ ಕಡೆ ದ್ರಾಕ್ಷಿ ತೋಟವಿದ್ದವರು ಕಾಯಿಪಲ್ಯೆಯನ್ನು ಅದರ ಮಗ್ಗುಲಲ್ಲೇ ಮಾಡಬಾರದು. ಅಕ್ಟೋಬರ್ ಚಾಟ್ನಿಯ ನಂತರ ಔಷಧಿ ಸಿಂಪರಣೆ ಹೆಚ್ಚು; ಆ ದಿನಗಳಲ್ಲಿ ಗಾಳಿ ಹೆಚ್ಚಾಗಿ ಮೂಡಣ ದಿಕ್ಕಿನಿಂದ ಬೀಸುತ್ತದೆ. ಆದ್ದರಿಂದ ದ್ರಾಕ್ಷಿಯಿಂದ ದೂರದಲ್ಲಿ, ಸಾಧ್ಯವಾದರೆ ಅದರ ಮೂಡಣಕ್ಕೆ ಸ್ಥಳ ಆರಿಸಿ, ನಡುವೆ ನಾಲ್ಕು ಸಾಲು ಗೋವಿನಜೋಳ ಹಾಕಿರಿ.

ಬಬಲೇಶ್ವರದ ಡೋಣಿ ಸಾಲಿನಲ್ಲಿ ಉಪ್ಪಿನ ತೊಂದರೆ ಉಂಟು. ಮಣ್ಣು ಮತ್ತು ಬೋರಿನ ನೀರನ್ನು ವಿಜಯಪುರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿರಿ. ಬೀನ್ಸ್, ಈರುಳ್ಳಿ ಉಪ್ಪು ತಾಳುವುದಿಲ್ಲ. ಬೀಟ್‌ರೂಟ್ ಸಾಕಷ್ಟು ತಾಳುತ್ತದೆ. ಬಟ್ಟೆ ಒಗೆದ ಸಾಬೂನಿನ ನೀರನ್ನು ಎರೆ ಭೂಮಿಗೆ ಬಿಡಬೇಡಿ. ಅದರಲ್ಲಿನ ಸೋಡಿಯಂ ಮಣ್ಣನ್ನು ಇನ್ನಷ್ಟು ಬಿಗಿಯಾಗಿಸುತ್ತದೆ.

ಮಡಿ ಮಾಡುವ ಕ್ರಮ

ಒಂದು ಗುಂಟೆ ಎಂದರೆ ಹೆಚ್ಚುಕಡಿಮೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಎರೆ ಮಣ್ಣಿನಲ್ಲಿ ಮಳೆ ನೀರು ನಿಂತು ಬೇರು ಕೊಳೆಯುವುದರಿಂದ ಸಪಾಟು ಮಡಿ ಬೇಡ. 1 ಮೀಟರ್ ಅಗಲ, 15 ಸೆಂ.ಮೀ. ಎತ್ತರದ ಆರು ಏರು ಮಡಿ ಮಾಡಿ, ನಡುವೆ ಅರ್ಧ ಮೀಟರ್ ದಾರಿ ಬಿಡಿ. ಉಳಿದ ಅಂಚಿನಲ್ಲಿ ಹೀರೆ, ಅವರೆ ಬಳ್ಳಿಗೆ ಹಂದರ ಹಾಕಬಹುದು. ಗುಂಟೆಗೆ 250 ಕಿ.ಗ್ರಾಂ. ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಸಾಕು. ಹಿಂಗಾರಿನಲ್ಲಿ ಮಳೆ ಇಲ್ಲದ ದಿನ 1 ಚದರ ಮೀಟರ್ ಮಡಿಗೆ 4-5 ಲೀಟರ್, ಅಂದರೆ ಆರೂ ಮಡಿಗೆ 240 ರಿಂದ 300 ಲೀಟರ್ ನೀರು ಬೇಕು. ಜೋಳದ ರವದಿ ಹೊದಿಸಿದರೆ ಮಣ್ಣು ಬೇಗ ಬಿರುಕು ಬಿಡುವುದಿಲ್ಲ.

ವಿಜಯಪುರ ಪಟ್ಟಣದಲ್ಲಿ ಹಿತ್ತಲಿಲ್ಲದವರು ಮಾಳಿಗೆಯ ಮೇಲೆ ಹಳೆಯ ಡಬ್ಬಿಗಳಲ್ಲಿ ಪುಂಡಿ, ರಾಜಗಿರಿ, ಮೆಂತ್ಯೆ ಬೆಳೆಯಬಹುದು. ಡಬ್ಬಿಯ ತಳಕ್ಕೆ ತೂತು ಇರಲಿ. ಮನೆಯ ಬೆಂಡಿ ಬೀಜ ಕಳೆದುಹೋಗಿದ್ದರೆ ಹಳದಿ ನಂಜು ರೋಗ ತಾಳಲೆಂದು ಅಭಿವೃದ್ಧಿಪಡಿಸಿದ ಅರ್ಕಾ ಅನಾಮಿಕಾ ತಳಿ ಹಾಕಿರಿ.

ತಳಿ ಬೆರಕೆಯಾಗದಿರಲಿ

ಅವರೆ, ಚವಳಿಕಾಯಿಗಳಲ್ಲಿ ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶವಾಗುವುದರಿಂದ ಬೀಜ ಉಳಿಸುವುದು ಸುಲಭ. ಬದನೆಗೆ ಜೇನುಹುಳು ಪಕ್ಕದ ಹೊಲದ ಪರಾಗ ತರುತ್ತದೆ. ಒಳ್ಳೆಯ ಎರಡು-ಮೂರು ಗಿಡಗಳಲ್ಲಿ ಅರಳುವ ಮುಂಚಿನ ಮೊಗ್ಗಿಗೆ ತೆಳು ಬಟ್ಟೆಯ ಚೀಲ ಕಟ್ಟಿರಿ. ಹೂವು ಅರಳಿದಾಗ ಮೆಲ್ಲಗೆ ಅಲುಗಿಸಿರಿ. ಕಾಯಿ ಕಚ್ಚಿದ ಮೇಲೆ ಚೀಲ ತೆಗೆದು, ಗುರುತಿಗೆ ದಾರ ಕಟ್ಟಿರಿ. ಕಾಯಿ ಹಳದಿಯಾಗಿ ಮಾಗಲಿ. ದಾರ ಕಟ್ಟಿದ ಕಾಯಿ ಅಡುಗೆಗೆ ಹೋಗದಂತೆ ಮನೆಯವರಿಗೆಲ್ಲ ಹೇಳಿಡಿ.

ತೊಳೆದ ಬೀಜವನ್ನು ನೆರಳಿನಲ್ಲಿ ಒಣಗಿಸಿ, ಒಣ ಬೂದಿಯೊಡನೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ವರ್ಷ ಬರೆಯಿರಿ. ಬೀಜದ ತೇವ ಶೇಕಡಾ 1 ರಷ್ಟು ಇಳಿದರೆ ಅದರ ಆಯುಷ್ಯ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಸ್ವಲ್ಪ ಬೀಜ ಬೀಗರ ಮನೆಗೂ ಕೊಡಿ. ನಿಮ್ಮಲ್ಲಿ ಕೆಟ್ಟರೆ ಅಲ್ಲಿಂದ ತರಬಹುದು. ರೈತರು ತಮ್ಮ ಬೀಜ ಉಳಿಸುವ, ಹಂಚಿಕೊಳ್ಳುವ ಹಕ್ಕನ್ನು 2001 ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ಎತ್ತಿಹಿಡಿದಿದೆ.

ಜೂನ್ ಮೊದಲ ವಾರ ಬದನೆ ಸಸಿಮಡಿ ಮಾಡಿದರೆ ಜುಲೈ ನಡುವೆ ನಾಟಿ, ಸೆಪ್ಟೆಂಬರ್ ಕೊನೆಗೆ ಮೊದಲ ಕಾಯಿ. ಮಹಾಲಯ ಅಮಾವಾಸ್ಯೆಯೂ ಆ ಸುಮಾರಿಗೇ ಬರುತ್ತದೆ. ಈ ಸಲ ಆಯಿಯ ಎಡೆಗೆ ಸಂತೆಯ ಬದನೆಕಾಯಿ ಬೇಡ; ಆಕೆಯ ಬೀಜದ ಕಾಯಿಯನ್ನೇ ಇಡಿ. ಗಂಟನ್ನು ಇಂದೇ ಹುಡುಕಿರಿ.