ನೀರಿನಡಿ ‘ಅಡ್ಜಸ್ಟ್ ಮಾಡ್ಕೋ’ ನಡೆಯಲ್ಲ

ಅಣ್ಣನ ಹಳೇ ಅಂಗಿಯನ್ನು ತಂಗಿ ಹಾಕಿಕೊಂಡರೆ ಏನಾಗುತ್ತೆ? ಭುಜ ಜಾರುತ್ತೆ, ತೋಳು ಮಡಚಬೇಕಾಗುತ್ತೆ. ‘ಇರಲಿ, ಅಡ್ಜಸ್ಟ್ ಮಾಡ್ಕೋ’ ಅಂತ ಮನೆಯಲ್ಲಿ ಹೇಳಿಬಿಡುತ್ತಾರೆ. ನೆಲದ ಮೇಲೆ ಅದರಿಂದ ದೊಡ್ಡ ನಷ್ಟವೇನಿಲ್ಲ. ಆದರೆ ಸಮುದ್ರದಲ್ಲಿ 10 ಮೀಟರ್ ಕೆಳಗೆ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸ್ಕೂಬಾ ಡೈವಿಂಗ್ ಮಾಡುವಾಗ, ಅಳತೆಗೆ ಹೊಂದದ ಉಡುಪು ಅಪಾಯಕ್ಕೂ ದಾರಿ ಮಾಡಬಹುದು. ಯಾಕೆ ಅನ್ನೋದಕ್ಕೆ ಉತ್ತರ ನಿಮ್ಮ ವಿಜ್ಞಾನ ಪುಸ್ತಕದಲ್ಲೇ ಇದೆ. ಬನ್ನಿ, ನೋಡೋಣ.

ಮೊದಲು ಸ್ವಲ್ಪ ಇತಿಹಾಸ. ಫ್ರಾನ್ಸಿನ ಜಾಕ್ ಕುಸ್ಟೋ ಮತ್ತು ಎಮಿಲ್ ಗಾನ್ಯಾನ್ 1943ರಲ್ಲಿ ‘ಅಕ್ವಾಲಂಗ್’ ಎಂಬ ಉಸಿರಾಟದ ಸಾಧನವನ್ನು ರೂಪಿಸಿದರು. 1950ರ ದಶಕದ ಆರಂಭದಲ್ಲಿ ಅಮೆರಿಕದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ನೌಕಾಪಡೆಯ ಮುಳುಗುಗಾರರಿಗಾಗಿ ವೆಟ್‌ಸೂಟ್ ಯೋಚಿಸಿದರು. ಆ ಮುಳುಗುಗಾರರೆಲ್ಲ ಗಂಡಸರು. ಹಾಗಾಗಿ ಅಳತೆಗಳೂ ಗಂಡಸರವೇ ಆದವು. ಹಾಗಂತ ಹೆಂಗಸರಿಗೆ ಕಡಲು ಹೊಸದಲ್ಲ. ದಕ್ಷಿಣ ಕೊರಿಯಾದ ಜೇಜು ದ್ವೀಪದ ‘ಹೆನ್ಯೊ’ ಮಹಿಳೆಯರು ತಲೆಮಾರುಗಳಿಂದ ಸಿಲಿಂಡರ್ ಇಲ್ಲದೆ, ಉಸಿರು ಹಿಡಿದು ಮುಳುಗಿ ಚಿಪ್ಪುಜೀವಿಗಳನ್ನು ಆರಿಸುತ್ತಾ ಬಂದಿದ್ದಾರೆ. 1970ರ ದಶಕದಲ್ಲಿ ರಬ್ಬರ್ ಸೂಟ್ ಬರುವವರೆಗೆ ಅವರು ಹತ್ತಿಬಟ್ಟೆಯಲ್ಲೇ ಮುಳುಗುತ್ತಿದ್ದರು. ಚಳಿಗಾಲದಲ್ಲಿ ಸ್ವಲ್ಪ ಹೊತ್ತಿಗೇ ನಡುಗುತ್ತಾ ಮೇಲೆ ಬರಬೇಕಾಗುತ್ತಿತ್ತು.

ವೆಟ್‌ಸೂಟ್ ಮೈಯನ್ನು ಒಣಗಿಡುತ್ತದೆ ಅಂದುಕೊಂಡಿರಾ? ಇಲ್ಲ. ಅದು ನಿಯೋಪ್ರೀನ್ ಎಂಬ ರಬ್ಬರಿನದು. ಅದರ ತುಂಬಾ ಸಣ್ಣ ಅನಿಲದ ಗುಳ್ಳೆಗಳಿರುತ್ತವೆ. ಈ ಗುಳ್ಳೆಗಳು ಶಾಖ ಹೊರಹೋಗದಂತೆ ತಡೆಯುತ್ತವೆ. ಸೂಟ್ ಮತ್ತು ಚರ್ಮದ ನಡುವೆ ತೆಳ್ಳಗೆ ಸೇರಿದ ನೀರು ಮೈಶಾಖದಿಂದ ಬೆಚ್ಚಗಾಗಿ ಅಲ್ಲೇ ನಿಲ್ಲುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಆದ್ದರಿಂದ ಸೂಟ್ ಸಡಿಲವಾಗಿದ್ದರೆ ಪ್ರತಿ ಸಲ ಕೈಕಾಲು ಆಡಿಸಿದಾಗಲೂ ಬೆಚ್ಚಗಿನ ನೀರು ಹೊರಹೋಗಿ ತಣ್ಣೀರು ಒಳಬರುತ್ತದೆ. ಗಂಡಸರ ಚಿಕ್ಕ ಸೈಜಿನ ಸೂಟ್ ಹಾಕಿದ ಅನೇಕ ಹೆಂಗಸರಿಗೆ ಎದೆ, ಸೊಂಟದ ಕೆಳಭಾಗದಲ್ಲಿ ಬಿಗಿ, ನಡು ಮತ್ತು ಬೆನ್ನಿನ ಕೆಳಗೆ ಸಡಿಲ. ಬಿಗಿಯಾದ ಕಡೆ ಉಸಿರಾಟಕ್ಕೆ ತೊಡಕು, ಸಡಿಲವಾದ ಕಡೆ ಚಳಿ! ಸೈಜ್ ಚಿಕ್ಕದು ಮಾಡಿದರೆ ಸಾಲದು, ಆಕಾರವೇ ಬೇರೆಯಾಗಬೇಕು.

ಇನ್ನು ತೇಲುವ ಜಾಕೆಟ್. ಇದಕ್ಕೆ ಗಾಳಿ ತುಂಬಿದರೆ ಮೇಲಕ್ಕೆ, ಬಿಟ್ಟರೆ ಕೆಳಕ್ಕೆ. ಆರ್ಕಿಮಿಡೀಸ್ ತತ್ವವೇ ಅಲ್ವಾ? 15 ಕೆ.ಜಿ. ದಾಟುವ ಸಿಲಿಂಡರನ್ನು ಹಿಡಿದುಕೊಳ್ಳುವುದೂ ಇದೇ. (ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಇರುವುದು ಬರೀ ಆಮ್ಲಜನಕ ಅಲ್ಲ, ಒತ್ತಿ ತುಂಬಿದ ಗಾಳಿ.) ಜಾಕೆಟ್ ಉದ್ದವಾಗಿ, ಸಡಿಲವಾಗಿದ್ದರೆ ನೀರಿನ ಮೇಲೆ ತೇಲುವಾಗ ಗಲ್ಲದವರೆಗೆ ಏರುತ್ತದೆ, ಸಿಲಿಂಡರ್ ಅತ್ತಿತ್ತ ವಾಲುತ್ತದೆ. ಹೆಂಗಸರಿಗಾಗಿ ಮಾಡಿದ ಜಾಕೆಟ್‌ಗಳಲ್ಲಿ ಬೆನ್ನಿನ ಉದ್ದ ಕಡಿಮೆ. ಭುಜದ ಪಟ್ಟಿಗಳು ಎದೆಯನ್ನು ಒತ್ತದಂತೆ ಬಾಗಿರುತ್ತವೆ.

ಸೊಂಟಕ್ಕೆ ಕಟ್ಟುವ ಸೀಸದ ತೂಕವೂ ಎಲ್ಲರಿಗೂ ಒಂದೇ ಅಲ್ಲ. ಕೊಬ್ಬಿನ ಸಾಂದ್ರತೆ ನೀರಿಗಿಂತ ಕಡಿಮೆ, ಸ್ನಾಯುವಿನದು ಹೆಚ್ಚು. ಸರಾಸರಿಯಾಗಿ ಹೆಂಗಸರ ದೇಹದಲ್ಲಿ ಕೊಬ್ಬಿನ ಪಾಲು ಹೆಚ್ಚು. ಹಾಗಾಗಿ ಒಂದೇ ಎತ್ತರದ ಇಬ್ಬರು ಬೇರೆ ಬೇರೆ ರೀತಿ ತೇಲುತ್ತಾರೆ. ತೂಕವನ್ನು ಊಹಿಸಬಾರದು, ನೀರಿನಲ್ಲೇ ಪರೀಕ್ಷಿಸಬೇಕು.

ಮಾಸ್ಕ್ ಮೂಗನ್ನೂ ಮುಚ್ಚುತ್ತದೆ, ಯಾಕೆ ಗೊತ್ತಾ? 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟಾಗುತ್ತದೆ. ಬಾಯ್ಲ್ ನಿಯಮದಂತೆ ಒಳಗಿನ ಗಾಳಿ ಕುಗ್ಗಿ ಮಾಸ್ಕ್ ಮುಖಕ್ಕೆ ಕಚ್ಚಿಕೊಳ್ಳುತ್ತದೆ. ಮೂಗಿನಿಂದ ಸ್ವಲ್ಪ ಗಾಳಿ ಊದಿದರೆ ಸರಿಹೋಗುತ್ತದೆ. ಚಿಕ್ಕ ಮುಖಕ್ಕೆ ಅಗಲವಾದ ಮಾಸ್ಕ್ ಹಾಕಿದರೆ ಅಂಚಿನಿಂದ ನೀರು ಬರುತ್ತದೆ. ಅಂಚಿನಡಿ ಕೂದಲು ಸಿಕ್ಕಿದರೂ ಅಷ್ಟೇ. ಪರೀಕ್ಷೆ ಸುಲಭ: ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕಿಟ್ಟು, ಮೂಗಿನಿಂದ ಮೆಲ್ಲಗೆ ಉಸಿರೆಳೆದುಕೊಂಡು ಕೈಬಿಡಿ. ಬೀಳದೆ ನಿಂತರೆ ಮುಖಕ್ಕೆ ಹೊಂದುತ್ತದೆ ಅಂತ ಅರ್ಥ.

ಇದು ನೀರಿನಡಿಯ ಕತೆ ಮಾತ್ರ ಅಲ್ಲ. 2019ರ ಮಾರ್ಚ್‌ನಲ್ಲಿ ಆನ್ ಮೆಕ್‌ಕ್ಲೇನ್ ಮತ್ತು ಕ್ರಿಸ್ಟಿನಾ ಕೋಚ್ ಒಟ್ಟಿಗೆ ಬಾಹ್ಯಾಕಾಶ ನಡಿಗೆ ಮಾಡಬೇಕಿತ್ತು. ಇಬ್ಬರಿಗೂ ಮಧ್ಯಮ ಅಳತೆಯ ಸೂಟ್ ಬೇಕಿತ್ತು. ಬಳಸಲು ಸಿದ್ಧವಾಗಿದ್ದದ್ದು ಒಂದೇ. ಮೆಕ್‌ಕ್ಲೇನ್ ದೊಡ್ಡ ಸೂಟಿನಲ್ಲಿ ಅಡ್ಜಸ್ಟ್ ಮಾಡಿಕೊಳ್ಳಲಿಲ್ಲ, ಆ ದಿನದ ನಡಿಗೆಯನ್ನೇ ಬಿಟ್ಟರು. ಕೊನೆಗೆ ಅಕ್ಟೋಬರ್ 18ರಂದು ಕೋಚ್ ಮತ್ತು ಜೆಸ್ಸಿಕಾ ಮೀರ್ ಮಹಿಳೆಯರಷ್ಟೇ ಇದ್ದ ಮೊದಲ ಬಾಹ್ಯಾಕಾಶ ನಡಿಗೆಯನ್ನು ಮುಗಿಸಿದರು.

ಮಾಡಿ ನೋಡಿ: ಒಂದೇ ಗಾತ್ರದ ಎರಡು ಬಾಟ್ಲಿಗಳಲ್ಲಿ ಉಗುರುಬೆಚ್ಚಗಿಂತ ತುಸು ಬಿಸಿಯಾದ ನೀರು ತುಂಬಿ ಮುಚ್ಚಿ. ಪ್ರತಿಯೊಂದನ್ನೂ ಅರ್ಧ ಲೋಟ ನೀರು ಹಾಕಿದ ಪ್ಲಾಸ್ಟಿಕ್ ಚೀಲದಲ್ಲಿಡಿ. ಒಂದು ಚೀಲವನ್ನು ಬಾಟ್ಲಿಗೆ ಅಂಟುವಂತೆ ರಬ್ಬರ್ ಬ್ಯಾಂಡ್‌ನಿಂದ ಬಿಗಿಯಿರಿ. ಇನ್ನೊಂದಕ್ಕೆ ತೂತು ಮಾಡಿ ಸಡಿಲ ಬಿಡಿ. ಎರಡನ್ನೂ ತಣ್ಣೀರಿನ ಬಕೆಟ್‌ನಲ್ಲಿಟ್ಟು ನೀರನ್ನು ಮೆಲ್ಲಗೆ ಕಲಕುತ್ತಿರಿ. 10 ನಿಮಿಷದ ನಂತರ ಎರಡೂ ಬಾಟ್ಲಿಗಳ ಉಷ್ಣತೆ ಅಳೆಯಿರಿ. ಯಾವುದು ಬೇಗ ತಣಿಯಿತು? ಯಾಕೆ?

ಮುಂದೊಂದು ದಿನ ನೀವು ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೋಗಬಹುದು, ಸಾಗರ ವಿಜ್ಞಾನಿಯೂ ಆಗಬಹುದು. ಸೂಟ್ ಹಾಕಿದ ಮೇಲೆ ಕೈ ಎತ್ತಿ, ಕುಕ್ಕರುಗಾಲಲ್ಲಿ ಕೂತು, ಆಳವಾಗಿ ಉಸಿರೆಳೆದು ನೋಡಿ. ಕತ್ತು ಹಿಸುಕಿದರೆ, ಬೆನ್ನಿನ ಬಳಿ ಚೀಲದಂತೆ ಉಬ್ಬಿದ್ದರೆ ‘ಇದು ನನಗೆ ಹೊಂದುತ್ತಿಲ್ಲ, ಬೇರೆ ಕೊಡಿ’ ಎಂದು ಕೇಳಿ. ಹೆಣ್ಣುಮಕ್ಕಳೇ, ಹಾಗೆ ಕೇಳಲು ನಾಚಿಕೆ ಬೇಡ. ಹೊಂದದಿದ್ದರೆ ತಪ್ಪು ನಿಮ್ಮ ಮೈಯದಲ್ಲ, ಅಳತೆಯದು.