ಮಣ್ಣಾಗದ ಕಣ್ಣು

ಗುಂಡ್ಲುಪೇಟೆ ಸೀಮೆಯ ಹೊಲಗಳಲ್ಲಿ ಕಣ್ಣು ಹೋಗುವುದಕ್ಕೆ ದೊಡ್ಡ ಪೆಟ್ಟೇ ಬೇಕೆಂದಿಲ್ಲ. ಜೋಳದ ಗರಿ ತಾಗಿದರೂ ಸಾಕು, ಒಕ್ಕಣೆಯ ಹೊಟ್ಟು ಹಾರಿದರೂ ಸಾಕು. ಕಣ್ಣುಜ್ಜಿಕೊಂಡು ಕೆಲಸ ಮುಂದುವರಿಯುತ್ತದೆ. ಸಂಜೆ ಕಣ್ಣು ಕೆಂಪೇರಿದರೆ ಎದೆಹಾಲೋ ಸೊಪ್ಪಿನ ರಸವೋ. ಇಲ್ಲದಿದ್ದರೆ ಮೆಡಿಕಲ್ ಸ್ಟೋರಿನ ಡ್ರಾಪ್ಸ್. ಅದರಲ್ಲಿ ಸ್ಟಿರಾಯ್ಡ್ ಇದ್ದರಂತೂ ಗಾಯದೊಳಗಿನ ಶಿಲೀಂಧ್ರಕ್ಕೆ ಗೊಬ್ಬರ ಹಾಕಿದಂತೆ. ಹುಣ್ಣು ಮಾಯುವ ಹೊತ್ತಿಗೆ ಕರಿಗುಡ್ಡೆಯ ಮೇಲೆ ಬಿಳಿ ಕಲೆ ಉಳಿದಿರುತ್ತದೆ. ಕಣ್ಣಿಗೆ ಹೂ ಬಿತ್ತು ಎಂದು ಊರವರು ಹೇಳುವುದು ಇದಕ್ಕೇ.

ಹೀಗೆ ಮಸುಕಾದ ಕಾರ್ನಿಯಾ, ಅಂದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ ತೆಗೆದು ಇನ್ನೊಬ್ಬರದನ್ನು ಕೂರಿಸುವ ದಾರಿ ತೆರೆದದ್ದು 1905ರ ಡಿಸೆಂಬರ್‌ನಲ್ಲಿ, ಇಂದಿನ ಚೆಕ್ ದೇಶದ ಓಲೋಮೌಟ್ಸ್ ಪಟ್ಟಣದಲ್ಲಿ. ಸುಣ್ಣ ಸಿಡಿದು ಎರಡೂ ಕಣ್ಣು ಸುಟ್ಟುಕೊಂಡಿದ್ದ ಕೂಲಿಕಾರ ಅಲೋಯಿಸ್ ಗ್ಲೋಗರ್‌ಗೆ ಡಾ. ಎಡುವರ್ಡ್ ಜಿರ್ಮ್ ಶಸ್ತ್ರಚಿಕಿತ್ಸೆ ಮಾಡಿದರು. ಪೆಟ್ಟಾಗಿ ತೆಗೆಯಲೇಬೇಕಾಗಿದ್ದ 11 ವರ್ಷದ ಹುಡುಗನೊಬ್ಬನ ಕಣ್ಣಿನ ಕಾರ್ನಿಯಾ ಗ್ಲೋಗರ್‌ಗೆ ಬೆಳಕಾಯಿತು. 1945ರಲ್ಲಿ ಮದರಾಸಿನಲ್ಲಿ, ಸತ್ತವರ ಕಣ್ಣು ಪಡೆದಿಡುವ ಭಾರತದ ಮೊದಲ ನೇತ್ರ ಬ್ಯಾಂಕ್ ಶುರುವಾಯಿತು.

ಬ್ಯಾಂಕ್ ಬಂದರೂ ಕೊಡುವ ಮನಸ್ಸು ಬರಲು ದಶಕಗಳೇ ಬೇಕಾದವು. ಕಣ್ಣು ಕಿತ್ತರೆ ಮುಖ ಕೆಡುತ್ತದೆ, ಮುಂದಿನ ಜನ್ಮಕ್ಕೆ ಕುರುಡು ಬರುತ್ತದೆ ಎಂಬ ಅಂಜಿಕೆ ಅಡ್ಡ ನಿಂತಿತ್ತು. ಆ ಅಂಜಿಕೆ ಬಿಡಿಸಿದವರು ಇದೇ ಸೀಮೆಯವರು. ಚಾಮರಾಜನಗರಕ್ಕೆ ಹೊಂದಿಕೊಂಡ ತಾಳವಾಡಿ ಭಾಗದ ಗಾಜನೂರಿನ ಮುತ್ತುರಾಜ, ಅಂದರೆ ಎಲ್ಲರ ಅಣ್ಣಾವ್ರು, ನಟ ಡಾ. ರಾಜ್‌ಕುಮಾರ್. 1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಅವರ ಹೆಸರಿನ ನೇತ್ರ ಬ್ಯಾಂಕ್ ಆರಂಭವಾದಾಗ ಅಣ್ಣಾವ್ರು ಕಣ್ಣು ಕೊಡುವ ಮಾತು ಕೊಟ್ಟರು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಮನೆಯವರು ಆ ಮಾತು ಉಳಿಸಿದರು. 2021ರ ಅಕ್ಟೋಬರ್‌ನಲ್ಲಿ ಅವರ ಮಗ, ನಟ ಪುನೀತ್ ಅಗಲಿದಾಗ ವೈದ್ಯರು ಒಂದೊಂದು ಕಾರ್ನಿಯಾವನ್ನೂ ಮುಂದಿನ ಪದರ, ಹಿಂದಿನ ಪದರ ಎಂದು ಬಿಡಿಸಿ ನಾಲ್ವರಿಗೆ ದೃಷ್ಟಿ ಕೊಟ್ಟರು. ಆಮೇಲೆ ರಾಜ್ಯದ ಊರೂರುಗಳಲ್ಲಿ ಜನ ನೇತ್ರದಾನಕ್ಕೆ ಹೆಸರು ಬರೆಸಿದರು.

ಹೆಸರು ಬರೆಸಿದರಷ್ಟೇ ಸಾಲದು. ಸಾವಿನ ಹೊತ್ತಿಗೆ ಮನೆಯವರು ನೇತ್ರ ಬ್ಯಾಂಕ್‌ಗೆ ಫೋನ್ ಮಾಡಬೇಕು. ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿಯಿಟ್ಟು, ಫ್ಯಾನ್ ಆರಿಸಿ, ತಲೆ ತುಸು ಎತ್ತರಿಸಿಡಬೇಕು. ಕನ್ನಡಕ ಹಾಕುತ್ತಿದ್ದವರೂ ಪೊರೆ ಆಪರೇಷನ್ ಆದವರೂ ಕೊಡಬಹುದು. ಮುಖ ವಿಕಾರವಾಗುವುದಿಲ್ಲ.

ಆದರೆ ದಾನಕ್ಕಿಂತ ಮೊದಲ ಕರ್ತವ್ಯ ಕಣ್ಣು ಉಳಿಸಿಕೊಳ್ಳುವುದು. ಕಣ್ಣಿಗೆ ಕಸ ಬಿದ್ದರೆ ಉಜ್ಜಬೇಡಿ, ಶುದ್ಧ ನೀರಿನಲ್ಲಿ ತೊಳೆಯಿರಿ. ಎಲೆಯಡಿಕೆಯ ಸುಣ್ಣ ಮಕ್ಕಳ ಕೈಗೆ ಸಿಗದಂತಿಡಿ. ಕಣ್ಣು ಕೆಂಪಾಗಿ ನೋಯುತ್ತಿದ್ದರೆ ಮನೆಮದ್ದು ಬಿಟ್ಟು ಅಂದೇ ತಾಲ್ಲೂಕು ಆಸ್ಪತ್ರೆಗೆ ಹೋಗಿ.